ಸಮಕಾಲೀನ ಕಲಾವಿದರಿಂದ ಸ್ಫೂರ್ತಿ ಪಡೆಯುವುದು ಅಂದರೆ ಏನು? ಡ್ರಾಯಿಂಗ್, ಶಿಲ್ಪದ ಪ್ರಾಜೆಕ್ಟ್ ಮಾಡಿದವರು ಹೇಳಿ

ಇದ್ದಿಲುಪುಡಿ:
ಎಲ್ಲರಿಗೂ ನಮಸ್ಕಾರ. ನಾನು ಚಿತ್ರಕಲೆ ಓದುತ್ತಿದ್ದೇನೆ, ಎರಡನೇ ವರ್ಷ. ಈ ಸಲ ಒಂದು ಡ್ರಾಯಿಂಗ್ ಸರಣಿ ಮಾಡಬೇಕು, ಅದರಿಂದಲೇ ಹುಟ್ಟಿದ ಒಂದು ಶಿಲ್ಪವನ್ನೂ ಮಾಡಬೇಕು. ಜೊತೆಗೆ ಒಬ್ಬ ಸಮಕಾಲೀನ ಕಲಾವಿದರ ಕೆಲಸದಿಂದ ನಾನು ಏನು ಪಡೆದೆ ಅಂತ ಸ್ಕೆಚ್‌ಬುಕ್‌ನಲ್ಲಿ ತೋರಿಸಬೇಕು.

ನಾನು ಫ್ರಾನ್ಸ್‌ನಲ್ಲಿ ಹುಟ್ಟಿದ ಶಿಲ್ಪಿ ಲೂಯಿಸ್ ಬೂರ್ಜ್ವಾ ಅವರನ್ನು ಆರಿಸಿಕೊಂಡೆ. ಅವರ ‘ಮಾಮಾನ್’ ಜೇಡದ ಫೋಟೊ ನೋಡಿದ ಮೇಲೆ ಬೇರೆ ಯಾವುದೂ ತಲೆಗೆ ಹೋಗಲಿಲ್ಲ. ಒಂಬತ್ತು ಮೀಟರ್‌ಗೂ ಎತ್ತರ, ಕಾಲುಗಳು ಅಷ್ಟು ತೆಳ್ಳಗೆ, ಹೊಟ್ಟೆಯಲ್ಲಿ ಅಮೃತಶಿಲೆಯ ಮೊಟ್ಟೆಗಳು. ಹನ್ನೆರಡು ಜೇಡಗಳ ಚಿತ್ರ ಬರೆದೆ. ತಂತಿಯಲ್ಲಿ ಮಂಡಿ ಎತ್ತರದ ಒಂದು ಜೇಡವನ್ನೂ ಮಾಡಿದೆ. ವಿಮರ್ಶೆಯ ದಿನ ಮೇಡಂ ಎಲ್ಲವನ್ನೂ ನಿಧಾನವಾಗಿ ನೋಡಿ, "ಕೈ ಚೆನ್ನಾಗಿ ಓಡಿದೆ, ಆದರೆ ಇದೆಲ್ಲ ಅವರದ್ದು, ನಿನ್ನದು ಎಲ್ಲಿ?" ಅಂದರು. ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಅತ್ತೆ.

ಐದು ವಾರ ಉಳಿದಿದೆ. ಸ್ಫೂರ್ತಿ ಎಲ್ಲಿ ಮುಗಿಯುತ್ತದೆ, ನಕಲು ಎಲ್ಲಿ ಶುರುವಾಗುತ್ತದೆ? ಕಲಾವಿದರನ್ನೇ ಬದಲಾಯಿಸಬೇಕಾ?

ಗೆರೆಗಾರ್ತಿ:
ಬದಲಾಯಿಸಬೇಡಿ. ಒಂದೇ ಒಂದು ಪ್ರಶ್ನೆ: ಅವರು ಜೇಡವನ್ನೇ ಯಾಕೆ ಮಾಡಿದರು ಅಂತ ಓದಿದ್ದೀರಾ?

ಅವರ ಅಪ್ಪ ಅಮ್ಮ ಹಳೆಯ ಚಿತ್ರನೇಯ್ಗೆಯ ಬಟ್ಟೆಗಳನ್ನು ರಿಪೇರಿ ಮಾಡುವ ಕೆಲಸ ನಡೆಸುತ್ತಿದ್ದರು. ಗೋಡೆಗೆ ತೂಗುಹಾಕುವ ಅಂಥ ಬಟ್ಟೆಗಳಲ್ಲಿ ಕೆಳಗಿನ ಅಂಚು ಮೊದಲು ಹಾಳಾಗುತ್ತದೆ. ಅಂದರೆ ಚಿತ್ರದಲ್ಲಿರುವ ಮನುಷ್ಯರ ಪಾದಗಳು. ಆ ಕಾಣೆಯಾದ ಪಾದಗಳನ್ನು ಬರೆದುಕೊಡುವ ಕೆಲಸ ಹುಡುಗಿ ಲೂಯಿಸ್‌ಗೆ ಬಂತು. ಅವರ ಡ್ರಾಯಿಂಗ್ ಶುರುವಾಗಿದ್ದೇ ಹೀಗೆ, ಹರಿದುಹೋದ ಜಾಗ ತುಂಬಲು. ಅಮ್ಮ ಕೂತು ನೇಯುವವರು, ಸರಿಪಡಿಸುವವರು. ಜೇಡ ಅಂದರೆ ಅಮ್ಮ. ‘ಮಾಮಾನ್’ ಅಂದರೂ ಫ್ರೆಂಚ್‌ನಲ್ಲಿ ಅಮ್ಮ ಅಂತಲೇ.

ಇನ್ನೊಂದು ವಿಷಯ. ಜೇಡದ ಚಿಕ್ಕದೊಂದು ಚಿತ್ರವನ್ನು ಅವರು 1947ರಲ್ಲೇ ಶಾಯಿ, ಇದ್ದಿಲಲ್ಲಿ ಬರೆದಿದ್ದರು. ‘ಮಾಮಾನ್’ ಬಂದದ್ದು 1999ರಲ್ಲಿ. ಒಂದು ಹಾಳೆಯ ಮೇಲಿನ ಜೇಡ ನಿಂತುಕೊಳ್ಳಲು ಐವತ್ತು ವರ್ಷ ಹಿಡಿಯಿತು. ನೀವು ಅವರ ಕೊನೆಯ ಮೆಟ್ಟಿಲನ್ನು ಎತ್ತಿಕೊಂಡಿದ್ದೀರಿ. ಮೊದಲ ಮೆಟ್ಟಿಲಿಗೆ ಹೋಗಿ. ನಿಮ್ಮ ಮನೆಯಲ್ಲಿ ಕೂತು ಕೆಲಸ ಮಾಡುವವರು ಯಾರು? ಅವರ ಕೈಯಲ್ಲಿ ಏನಿರುತ್ತದೆ?

ಮಣ್ಣಿನಕೈ:
ಗೆರೆಗಾರ್ತಿ ಹೇಳಿದ್ದು ಸರಿ, ಆದರೆ ನಕಲು ಅಂದ ಕೂಡಲೇ ಅಪರಾಧದ ಥರ ನೋಡುವುದು ನನಗೆ ಒಪ್ಪಿಗೆ ಇಲ್ಲ. ನಾನು ಬಹಳ ವರ್ಷದಿಂದ ಶಿಲ್ಪ ಕಲಿಸುತ್ತಿದ್ದೇನೆ. ಕೈ ಕಲಿಯುವುದೇ ಮಾಡಿ ಮಾಡಿ. ನೋಡಮ್ಮ, ಆ ತಂತಿ ಜೇಡ ಮಾಡುವಾಗ ಎಂಟು ಸಣ್ಣ ಕಾಲಿನ ಮೇಲೆ ಭಾರ ನಿಲ್ಲಿಸುವುದು ಹೇಗೆ ಅಂತ ನಿನಗೆ ಗೊತ್ತಾಯಿತಲ್ಲ, ಅದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ. ಜೇಡವನ್ನು ಬಿಸಾಡಬೇಡ. ಸ್ಕೆಚ್‌ಬುಕ್‌ನಲ್ಲಿ ‘ಇದು ಅಭ್ಯಾಸ’ ಅಂತ ಸ್ಪಷ್ಟವಾಗಿ ಬರೆದು ಇಡು. ನಕಲನ್ನು ನಕಲು ಅಂತ ಹೇಳಿದರೆ ಅದು ಪಾಠ. ಹೇಳದೆ ಪ್ರದರ್ಶನಕ್ಕೆ ಇಟ್ಟರೆ ಮಾತ್ರ ತಪ್ಪು.

ನಾನು ಹುಡುಗರಿಗೆ ಹೇಳುವುದು ಇಷ್ಟು: ಕಲಾವಿದರ ರೂಪ ತೆಗೆದುಕೊಳ್ಳಬೇಡಿ, ಕ್ರಿಯಾಪದ ತೆಗೆದುಕೊಳ್ಳಿ. ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ 1967–68ರಲ್ಲಿ ಕೈಬರಹದಲ್ಲಿ ಒಂದು ಪಟ್ಟಿ ಮಾಡಿದ್ದರು. ಸುತ್ತು, ಮಡಿಸು, ಬಗ್ಗಿಸು, ತಿರುಚು, ಹೀಗೆ ಬರೀ ಕ್ರಿಯೆಗಳು. ಆಗಲೇ ಅವರು ನೆಲದ ಮೇಲಿದ್ದ ದಪ್ಪ ರಬ್ಬರ್ ಹಾಳೆಯ ಒಂದು ಅಂಚು ಹಿಡಿದು ಮೇಲೆತ್ತಿದರು. ಅದು ಹಾಗೇ ನಿಂತುಕೊಂಡಿತು. ಆ ಶಿಲ್ಪದ ಹೆಸರೇ ‘ಎತ್ತುವುದು’. ಬೂರ್ಜ್ವಾ ಅವರ ಕ್ರಿಯಾಪದ ಏನು? ಹೊಲಿಯುವುದು, ಸರಿಪಡಿಸುವುದು, ಸುತ್ತಿ ಕಾಯುವುದು. ಅದನ್ನು ತಗೋ. ಜೇಡವನ್ನು ಅವರಿಗೇ ಬಿಡು.

ಬಿಳಿಹಾಳೆ:
ಮಧ್ಯೆ ಒಂದು ಸಂದೇಹ. ಬೂರ್ಜ್ವಾ 2010ರಲ್ಲಿ ತೀರಿಕೊಂಡರು ಅಲ್ವಾ? ಅವರನ್ನು ಸಮಕಾಲೀನ ಅಂತ ಬರೆದರೆ ಅಂಕ ಕಡಿಮೆ ಮಾಡುವುದಿಲ್ಲವಾ?

ಗೆರೆಗಾರ್ತಿ:
ಸಾಮಾನ್ಯವಾಗಿ 1960ರ ದಶಕದ ಆಚೀಚೆಯಿಂದ ಈವರೆಗಿನ ಕಲೆಯನ್ನು ಸಮಕಾಲೀನ ಅಂತ ಕರೆಯುತ್ತಾರೆ. ಅವರು 98ನೇ ವಯಸ್ಸಿನವರೆಗೂ ಕೆಲಸ ಮಾಡಿದವರು. ತೊಂದರೆ ಇಲ್ಲ. ಆದರೂ ನಿಮ್ಮ ಮೇಡಂ ಅವರನ್ನು ಒಂದು ಮಾತು ಕೇಳಿಬಿಡಿ.

ಇದ್ದಿಲುಪುಡಿ:
ಗೆರೆಗಾರ್ತಿ ಮೇಡಂ, ನಿಮ್ಮ ಪ್ರಶ್ನೆ ಓದಿ ಸುಮ್ನೆ ಕೂತುಬಿಟ್ಟೆ. ನನ್ನ ಅಮ್ಮ ಬಟ್ಟೆ ಹೊಲಿಯುತ್ತಾರೆ. ನಾನು ಹುಟ್ಟುವ ಮೊದಲಿನಿಂದಲೂ ಒಂದೇ ಮಷೀನ್, ಕಾಲಲ್ಲಿ ತುಳಿಯುವುದು. ಅದರ ಸದ್ದಿನಲ್ಲೇ ನಾನು ಓದಿದ್ದು, ನಿದ್ದೆ ಮಾಡಿದ್ದು. ಹನ್ನೆರಡು ಜೇಡ ಬರೆದೆ, ಆ ಮಷೀನನ್ನು ಒಂದು ಸಲವೂ ಬರೆದಿರಲಿಲ್ಲ. ಈ ಮಾತು ಟೈಪ್ ಮಾಡುವಾಗ ಕೈ ನಡುಗುತ್ತಿದೆ.

ನಿನ್ನೆ ಸಂಜೆ ಮೂರು ಚಿತ್ರ ಬರೆದೆ. ಮೂರೂ ಮಾರಾಟದ ಕರಪತ್ರದಲ್ಲಿರುವ ಚಿತ್ರದ ಥರ ಬಂದಿವೆ. ಮಷೀನ್ ಇದೆ, ಅಮ್ಮ ಇಲ್ಲ, ಸದ್ದಿಲ್ಲ. ಮುಂದೆ ಹೇಗೆ?

ಗೆರೆಗಾರ್ತಿ:
ಓಡುವ ವಸ್ತುವನ್ನು ನಿಲ್ಲಿಸಿ ಬರೆದಿದ್ದೀರಿ, ಅದಕ್ಕೆ ಹಾಗಾಗಿದೆ. ವಿಲಿಯಂ ಕೆಂಟ್ರಿಜ್ ಅವರ ಕೆಲಸ ನೋಡಿ, ದಕ್ಷಿಣ ಆಫ್ರಿಕಾದವರು. ಅವರು ಇದ್ದಿಲಿನಲ್ಲಿ ದೊಡ್ಡ ಹಾಳೆಯ ಮೇಲೆ ಬರೆಯುತ್ತಾರೆ, ಕ್ಯಾಮೆರಾ ಹತ್ತಿರ ಹೋಗಿ ಒಂದೆರಡು ಫ್ರೇಮ್ ತೆಗೆಯುತ್ತಾರೆ, ವಾಪಸ್ ಬಂದು ಸ್ವಲ್ಪ ಅಳಿಸಿ ಸ್ವಲ್ಪ ಬದಲಿಸುತ್ತಾರೆ, ಮತ್ತೆ ಕ್ಯಾಮೆರಾ ಹತ್ತಿರ ಹೋಗುತ್ತಾರೆ. ಒಂದಿಡೀ ದೃಶ್ಯಕ್ಕೆ ಒಂದೇ ಹಾಳೆ. ಇದ್ದಿಲು ಪೂರ್ತಿ ಅಳಿಯುವುದಿಲ್ಲ, ಹಿಂದಿನ ಗೆರೆಯ ಬೂದಿ ಬಣ್ಣ ಉಳಿದುಕೊಳ್ಳುತ್ತದೆ. ಒಬ್ಬ ಮನುಷ್ಯ ನಡೆದುಹೋದರೆ ಅವನು ನಡೆದ ಹಾದಿ ಹಾಳೆಯಲ್ಲಿ ಮಸಿಯಾಗಿ ನಿಲ್ಲುತ್ತದೆ. 1989ರಿಂದ ಆ ಸರಣಿ ಮಾಡುತ್ತಾ ಬಂದಿದ್ದಾರೆ.

ನಿಮಗೆ ಸಿನಿಮಾ ಬೇಡ. ಕ್ರಮ ಸಾಕು. ಒಂದೇ ಹಾಳೆ ತಗೊಳ್ಳಿ, ದಪ್ಪದ್ದು. ಅಮ್ಮ ಹೊಲಿಯುವಾಗ ಎದುರು ಕೂತುಕೊಳ್ಳಿ. ಕೈ ಎಲ್ಲಿದೆಯೋ ಅಲ್ಲಿ ಬರೆಯಿರಿ. ಕೈ ಸರಿದರೆ ಒರೆಸಿ, ಹೊಸ ಜಾಗದಲ್ಲಿ ಬರೆಯಿರಿ. ಒಂದು ಗಂಟೆ. ಕಡ್ಡಿ ಇದ್ದಿಲನ್ನೇ ಬಳಸಿ, ಅದು ಬೆರಳಲ್ಲಿ ಒರೆಸಿದರೂ ಹೋಗುತ್ತದೆ. ಒತ್ತಿ ಮಾಡಿದ ಗಟ್ಟಿ ಇದ್ದಿಲು ಕಪ್ಪು ಜಾಸ್ತಿ ಕೊಡುತ್ತದೆ, ಆದರೆ ಅಳಿಸಲು ಕಷ್ಟ, ಅದನ್ನು ಕೊನೆಗೆ ಎರಡು ಮೂರು ಕಡೆ ಮಾತ್ರ. ನಾದುವ ರಬ್ಬರ್ (ಹಿಟ್ಟಿನ ಥರ ಮೆತ್ತಗಿರುವ, ಅಳಿಸುವ ರಬ್ಬರ್) ಇದ್ದರೆ ಅದೇ ನಿಮ್ಮ ಬಿಳಿ ಪೆನ್ಸಿಲ್. ಮುಗಿಯುವವರೆಗೆ ಫಿಕ್ಸೆಟಿವ್ (ಇದ್ದಿಲು ಉದುರದಂತೆ ಹಿಡಿದಿಡುವ ಸ್ಪ್ರೇ) ಹೊಡೆಯಬೇಡಿ, ಹೊಡೆದ ಮೇಲೆ ಅಳಿಸಲು ಆಗುವುದಿಲ್ಲ. ಹೊಡೆಯುವಾಗ ಹೊರಗೆ ಗಾಳಿಯಲ್ಲಿ ನಿಂತು ಹೊಡೆಯಿರಿ.

ಇನ್ನೊಂದು ದಾರಿ ಡೋ ಹೋ ಸೂ ಅವರದ್ದು. ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಹುಟ್ಟಿದವರು. ನ್ಯೂಯಾರ್ಕ್‌ನಲ್ಲಿ ತಾವು ವರ್ಷಗಟ್ಟಲೆ ಬಾಡಿಗೆಗಿದ್ದ ಮನೆಯ ಒಳಗೋಡೆ, ಸ್ವಿಚ್ಚು, ಬಾಗಿಲ ಹಿಡಿ, ಎಲ್ಲಕ್ಕೂ ಹಾಳೆ ಅಂಟಿಸಿ ಮೇಲೆ ಬಣ್ಣದ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು. ಉಜ್ಜುವುದು, ಪ್ರೀತಿಸುವುದು, ಈ ಎರಡಕ್ಕೂ ಇರುವ ಇಂಗ್ಲಿಷ್ ಪದಗಳನ್ನು (ರಬ್ಬಿಂಗ್, ಲವಿಂಗ್) ಕೊರಿಯನ್ ಲಿಪಿಯಲ್ಲಿ ಬರೆದರೆ ಎರಡೂ ಒಂದೇ ಆಗುತ್ತವೆ. ಕೆಲಸದ ಹೆಸರಿನಲ್ಲೇ ಅದನ್ನು ತಂದಿದ್ದಾರೆ. ನಿಮ್ಮ ಮಷೀನಿನ ಪೆಡಲ್ ಎರಕದ ಕಬ್ಬಿಣದ್ದು ತಾನೇ? ಜಾಲರಿ, ಅಕ್ಷರ, ಸವೆದ ಜಾಗ, ಎಲ್ಲಾ ಇರುತ್ತದೆ. ತೆಳು ಹಾಳೆ ಹಾಕಿ ಉಜ್ಜಿ ನೋಡಿ. ಎಲ್ಲಿ ಸವೆದಿದೆಯೋ ಅಲ್ಲಿ ಗೆರೆ ಬರುವುದಿಲ್ಲ. ಅದು ನಿಮ್ಮ ಅಮ್ಮನ ಪಾದ.

ತಂತಿಜಾಲ:
ಈ ಚರ್ಚೆ ಓದಿ ಸುಮ್ಮನಿರಲು ಆಗಲಿಲ್ಲ. ಡ್ರಾಯಿಂಗ್ ಬೇರೆ, ಶಿಲ್ಪ ಬೇರೆ ಅಂತ ಎರಡು ಡಬ್ಬದಲ್ಲಿ ಇಟ್ಟುಕೊಂಡಿದ್ದರಿಂದ ನಾನು ಎರಡು ವರ್ಷ ಹಾಳುಮಾಡಿಕೊಂಡೆ. ಮೊದಲು ಸ್ಕೆಚ್, ಆಮೇಲೆ ಅದನ್ನೇ ದಪ್ಪ ಮಾಡಿದರೆ ಶಿಲ್ಪ ಅಂದುಕೊಂಡಿದ್ದೆ. ಗೆಗೊ ಅನ್ನುವ ಕಲಾವಿದೆಯ ಕೆಲಸ ನೋಡಿದ ಮೇಲೆ ಅದು ಬಿಟ್ಟುಹೋಯಿತು. ಜರ್ಮನಿಯಲ್ಲಿ ವಾಸ್ತುಶಿಲ್ಪ ಓದಿ 1939ರಲ್ಲಿ ವೆನೆಜುವೆಲಾಕ್ಕೆ ಹೋದವರು. 1976ರಿಂದ ಅವರು ಮಾಡಿದ ಒಂದು ಸರಣಿಗೆ ‘ಹಾಳೆ ಇಲ್ಲದ ಚಿತ್ರಗಳು’ ಅಂತಲೇ ಹೆಸರು. ತಂತಿ, ಸಣ್ಣ ಲೋಹದ ಚೂರುಗಳನ್ನು ಗೋಡೆಯಿಂದ ಒಂದಿಷ್ಟು ಮುಂದೆ ತೂಗುಹಾಕುತ್ತಿದ್ದರು. ತಂತಿ ಒಂದು ಗೆರೆ, ಗೋಡೆ ಮೇಲಿನ ನೆರಳು ಇನ್ನೊಂದು ಗೆರೆ. ನೋಡುವವರು ನಡೆದರೆ ಎರಡರ ನಡುವಿನ ಅಂತರ ಬದಲಾಗುತ್ತದೆ. ಅದು ಡ್ರಾಯಿಂಗಾ ಶಿಲ್ಪವಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ, ಬೇಕೂ ಇಲ್ಲ.

ಹೊಲಿಗೆ ಅಂದ ಮೇಲೆ ಶೀಲಾ ಗೌಡ ಅವರನ್ನು ನೋಡದೆ ಮುಂದೆ ಹೋಗಬೇಡಿ. ಪೇಂಟಿಂಗ್ ಕಲಿತವರು, 90ರ ದಶಕದಲ್ಲಿ ಸಗಣಿ, ದಾರ, ಕೂದಲು, ಡಾಂಬರ್ ಡ್ರಮ್ಮಿನ ತಗಡು ಇಂಥ ವಸ್ತುಗಳ ಕಡೆ ಹೊರಳಿದರು. ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇಯ್ನ್’ ಅನ್ನುವ ಕೆಲಸದಲ್ಲಿ ಸೂಜಿ, ದಾರ, ಗೋಂದು, ಕೆಂಪು ಕುಂಕುಮ, ಇಷ್ಟೇ. ಸೂಜಿಗಳಲ್ಲಿ ಉದ್ದುದ್ದ ದಾರ ಪೋಣಿಸಿ, ಆ ದಾರಗಳನ್ನೆಲ್ಲ ಸೇರಿಸಿ ಕೆಂಪು ಹಗ್ಗ ಮಾಡಿದ್ದಾರೆ. ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಜೋತಾಡುತ್ತವೆ. ದೂರದಿಂದ ನೋಡಿದರೆ ಗೋಡೆಯಿಂದ ನೆಲಕ್ಕೆ ಹರಿದ ಕೆಂಪು ಗೆರೆ, ಅಂದರೆ ಡ್ರಾಯಿಂಗ್. ಹತ್ತಿರ ಹೋದರೆ ಅದರಲ್ಲಿ ಎಷ್ಟು ದಿನಗಳ ಕೂತ ಕೆಲಸ ಇದೆ ಅಂತ ಕಾಣುತ್ತದೆ. ನನಗೆ ಅವರಿಂದ ಸಿಕ್ಕಿದ್ದು ಇದು: ವಸ್ತುವನ್ನು ಬೇರೆ ಏನೋ ಆಗಿ ನಟಿಸಲು ಬಿಡಬಾರದು. ಸೂಜಿ ಸೂಜಿಯಾಗಿಯೇ ಇರಬೇಕು.

ಬಿಳಿಹಾಳೆ:
ನನಗೆ ಒಂದು ಆತಂಕ. ಐದು ವಾರ ಇರುವ ಹುಡುಗಿಗೆ ನಾವು ಈಗಾಗಲೇ ಐದು ಹೆಸರು ಕೊಟ್ಟಿದ್ದೇವೆ. ನಾನು ಹೀಗೇ ಮುಳುಗಿದ್ದೆ. ಸ್ಕೆಚ್‌ಬುಕ್‌ನಲ್ಲಿ ಹದಿನೈದು ಕಲಾವಿದರ ಫೋಟೊ ಅಂಟಿಸಿ, ಕೆಳಗೆ ಅವರ ಜನ್ಮದಿನಾಂಕ ಬರೆದು, ನನ್ನ ಕೆಲಸಕ್ಕೆ ಜಾಗವೇ ಉಳಿಯಲಿಲ್ಲ. ಒಬ್ಬರನ್ನೇ ಹಿಡಿದುಕೊಳ್ಳಿ ಅಂತ ನನ್ನ ಸಲಹೆ.

ಜೊತೆಗೆ ಎಲ್ಲರೂ ಮೊದಲು ಡ್ರಾಯಿಂಗ್ ಅನ್ನುತ್ತಿದ್ದೀರಿ. ಶಿಲ್ಪಿ ಮೃಣಾಲಿನಿ ಮುಖರ್ಜಿ ಸೆಣಬಿನ ಹಗ್ಗವನ್ನು ಗಂಟು ಹಾಕುತ್ತಾ ಆಳೆತ್ತರದ ರೂಪಗಳನ್ನು ಮಾಡಿದರು, ಸ್ಕೆಚ್ ಇಲ್ಲ, ಮಾದರಿ ಇಲ್ಲ. ಗಂಟೇ ಮುಂದಿನ ಗಂಟನ್ನು ತೋರಿಸುತ್ತಿತ್ತು. ಕೆಲವರಿಗೆ ಕೈ ಮೊದಲು, ಕಣ್ಣು ಆಮೇಲೆ.

ಮಣ್ಣಿನಕೈ:
ಬಿಳಿಹಾಳೆ, ಎರಡನೇ ಮಾತು ಪೂರ್ತಿ ಒಪ್ಪುತ್ತೇನೆ. ಮೊದಲನೆಯದು ಅರ್ಧ. ಪ್ರತಿ ಕಲಾವಿದರಿಂದ ಒಂದೊಂದೇ ಕೆಲಸ ಕೈಯಾರೆ ಮಾಡಿ ನೋಡಿದರೆ ಐದು ಜನ ಜಾಸ್ತಿಯಲ್ಲ. ಫೋಟೊ ಅಂಟಿಸಿದರೆ ಒಬ್ಬರೂ ಜಾಸ್ತಿಯೇ.

ಇದ್ದಿಲುಪುಡಿ, ಇದೊಂದನ್ನು ಮಾಡಿ ನೋಡು. ಬ್ರಿಟನ್ನಿನ ಶಿಲ್ಪಿ ರೇಚಲ್ ವೈಟ್‌ರೀಡ್ ವಸ್ತುವನ್ನು ಮಾಡುವುದಿಲ್ಲ, ವಸ್ತುವಿನ ಸುತ್ತಲಿನ ಖಾಲಿ ಜಾಗಕ್ಕೆ ಎರಕ ಹೊಯ್ಯುತ್ತಾರೆ. 1990ರಲ್ಲಿ ಒಂದು ಕೋಣೆಯ ಒಳಗಿನ ಗಾಳಿಯಷ್ಟು ಜಾಗವನ್ನು ಪ್ಲಾಸ್ಟರ್‌ನಲ್ಲಿ ಮಾಡಿದರು. 1993ರಲ್ಲಿ ಲಂಡನ್ನಿನಲ್ಲಿ ಕೆಡವಲಿದ್ದ ಒಂದು ಮನೆಯ ಒಳಗೆ ಕಾಂಕ್ರೀಟ್ ಹೊಯ್ದು ಗೋಡೆಗಳನ್ನು ಸುಲಿದು ತೆಗೆದರು, 1994ರ ಜನವರಿಯಲ್ಲಿ ಅದನ್ನೂ ಕೆಡವಿದರು. 1995ರಲ್ಲಿ ನೂರು ಕುರ್ಚಿ, ಸ್ಟೂಲುಗಳ ಅಡಿಯ ಜಾಗವನ್ನು ಬಣ್ಣದ ರಾಳದಲ್ಲಿ ಎರೆದು ಸಾಲಾಗಿ ಇಟ್ಟರು. ಕೂತವರು ಯಾರೂ ಇಲ್ಲ, ಆದರೂ ಎಲ್ಲರೂ ಇದ್ದಾರೆ ಅನ್ನಿಸುತ್ತದೆ.

ನಿಮ್ಮ ಮಷೀನಿನಲ್ಲಿ ಸೂಜಿಗೂ ಕಂಬಕ್ಕೂ ನಡುವೆ, ತೋಳಿನ ಕೆಳಗೆ ಒಂದು ಖಾಲಿ ಜಾಗ ಇದೆಯಲ್ಲ, ಅದರ ಅಚ್ಚು ತೆಗೆ. ಆದರೆ ಮಷೀನಿನ ಮೇಲೆ ನೇರವಾಗಿ ಪ್ಲಾಸ್ಟರ್ ಸುರಿಯಬೇಡ. ಸಿಕ್ಕಿಹಾಕಿಕೊಳ್ಳುತ್ತದೆ, ತುಕ್ಕೂ ಹಿಡಿಯುತ್ತದೆ, ಅಮ್ಮನ ಕೆಲಸ ನಿಲ್ಲುತ್ತದೆ. ಸೂಜಿ ಬಿಚ್ಚಿಡು. ಆ ಭಾಗಕ್ಕೆಲ್ಲ ತೆಳು ಪ್ಲಾಸ್ಟಿಕ್ ಹಾಳೆ ಸುತ್ತು, ಆಮೇಲೆ ಹದವಾದ ಜೇಡಿಮಣ್ಣನ್ನು ಆ ಜಾಗಕ್ಕೆ ತುಂಬಿ ಒತ್ತು. ಸ್ವಲ್ಪ ಬಿಗಿಯಾದ ಮೇಲೆ ಎದುರಿನಿಂದ ತಳ್ಳಿ ಹೊರಗೆ ತೆಗೆ. ಅದಕ್ಕೆ ಎರಡು ತುಂಡಿನ ಪ್ಲಾಸ್ಟರ್ ಅಚ್ಚು ಮಾಡಿ, ಆ ಅಚ್ಚಿನೊಳಗೆ ಸೋಪು ನೀರು ಸವರಿ, ಮತ್ತೆ ಪ್ಲಾಸ್ಟರ್ ಹೊಯ್ಯಿ.

ಪ್ಲಾಸ್ಟರ್ ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತೇನೆ, ಕೇಳು. ಪುಡಿಯನ್ನು ನೀರಿಗೆ ಉದುರಿಸಬೇಕು, ನೀರನ್ನು ಪುಡಿಗೆ ಹಾಕಬಾರದು. ಪುಡಿ ನೀರಿನ ಮೇಲೆ ಸಣ್ಣ ದಿಬ್ಬವಾಗಿ ನಿಂತಾಗ ಸಾಕು. ಒಂದೆರಡು ನಿಮಿಷ ನೆನೆಯಲು ಬಿಟ್ಟು ನಿಧಾನ ಕಲಸು, ಜೋರಾಗಿ ಕಲಸಿದರೆ ಗುಳ್ಳೆ. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ, ದೊಡ್ಡ ಮುದ್ದೆಯಾದರೆ ಸುಟ್ಟ ಗಾಯ ಆಗುವಷ್ಟು. ಕೈಯನ್ನೋ ಕಾಲನ್ನೋ ಯಾವತ್ತೂ ಅದರೊಳಗೆ ಇಡಬೇಡ, ಒಂದು ನಿಮಿಷಕ್ಕೂ ಬೇಡ. ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಹಾಕು. ಉಳಿದದ್ದನ್ನು ಸಿಂಕಿಗೆ ಸುರಿದರೆ ಪೈಪಿನೊಳಗೇ ಕಲ್ಲಾಗುತ್ತದೆ.

ಇದ್ದಿಲುಪುಡಿ:
ಎರಡು ವಾರ ಆಯಿತು. ನಡೆದದ್ದನ್ನು ಹೇಳುತ್ತೇನೆ.

ಒಂದೇ ಹಾಳೆಯ ಚಿತ್ರ ನಾಲ್ಕು ಸಲ ಮಾಡಿದೆ. ಮೊದಲ ಎರಡು ಬರೀ ಕೊಳೆ. ಮೂರನೆಯದರಲ್ಲಿ ಅಮ್ಮನ ಎಡಗೈ ಬಂತು. ಬಲಗೈ ಚಕ್ರ ಮುಟ್ಟಿ ವಾಪಸ್ ಬರುತ್ತಲೇ ಇರುತ್ತದೆ, ಅದು ಬೂದಿ ಮೋಡದ ಥರ ಉಳಿದಿದೆ. ಎಡಗೈ ಬಟ್ಟೆಯ ಮೇಲೆ ಹೆಚ್ಚು ಅಲುಗಾಡುವುದಿಲ್ಲ, ಅದು ಕಪ್ಪಗೆ ಗಟ್ಟಿಯಾಗಿ ನಿಂತಿದೆ. ಇಷ್ಟು ವರ್ಷ ನೋಡಿದ್ದೇನೆ, ಈ ವ್ಯತ್ಯಾಸ ನನಗೆ ಗೊತ್ತೇ ಇರಲಿಲ್ಲ.

ಪೆಡಲ್ ಉಜ್ಜಿದ ಚಿತ್ರ ಮೊದಲ ಸಲವೇ ಬಂತು. ಗೆರೆಗಾರ್ತಿ ಮೇಡಂ ಹೇಳಿದ ಹಾಗೆಯೇ, ಜಾಲರಿಯ ಬಲಭಾಗದಲ್ಲಿ ಗೆರೆಗಳು ಮಾಸಿಹೋಗಿ ಒಂದು ಬಿಳಿ ಜಾಗ. ಅಮ್ಮನಿಗೆ ತೋರಿಸಿದೆ. ಅವರು ಏನೂ ಹೇಳದೆ ಅದರ ಮೇಲೆ ಕೈ ಇಟ್ಟು ನೋಡಿದರು.

ಜೇಡಿಮಣ್ಣಿನ ಮೊದಲ ಪ್ರಯತ್ನ ಕೆಟ್ಟಿತು, ಮಣ್ಣು ತೀರಾ ಮೆತ್ತಗಿತ್ತು, ತಳ್ಳಿದಾಗ ಮುರುಟಿಕೊಂಡಿತು. ಎರಡನೆಯದು ಸರಿಯಾಗಿ ಬಂತು. ಅದನ್ನು ಮೇಜಿನ ಮೇಲೆ ಇಟ್ಟಾಗ ನನಗೆ ಏನು ಅಂತಲೇ ಅರ್ಥವಾಗಲಿಲ್ಲ, ಒಂದು ಕಡೆ ದುಂಡಗೆ, ಕೆಳಗೆ ಚಪ್ಪಟೆ. ಅಮ್ಮ ಮಾತ್ರ ನೋಡಿದ ಕೂಡಲೇ "ಇದು ಬಟ್ಟೆ ಹೋಗುವ ಜಾಗ" ಅಂದರು.

ಬಿಳಿಹಾಳೆ:
ಓದಿ ತುಂಬಾ ಖುಷಿಯಾಯಿತು. ನನ್ನ ಸಲಹೆ ಕೇಳದಿದ್ದದ್ದೇ ಒಳ್ಳೆಯದಾಯಿತು. ಈಗ ಶಿಲ್ಪ ಯಾವುದು, ಪ್ಲಾಸ್ಟರಾ?

ಇದ್ದಿಲುಪುಡಿ:
ಪ್ಲಾಸ್ಟರ್ ತುಂಡು ನೆಲದ ಮೇಲೆ. ಅದರ ಮೇಲೆ, ಮುಟ್ಟದ ಹಾಗೆ, ತಂತಿಯ ಮಷೀನ್ ತೂಗುಹಾಕಬೇಕು ಅಂತ ಯೋಚನೆ. ಗಾತ್ರ ಅಸಲಿಯಷ್ಟೇ. ತಂತಿಜಾಲ ಅಣ್ಣ, ಯಾವ ತಂತಿ?

ತಂತಿಜಾಲ:
ಹೊರಗೆರೆಗೆ ಕಬ್ಬಿಣದ ಗಟ್ಟಿ ತಂತಿ, ಒಳಗಿನ ಸಣ್ಣ ಭಾಗಗಳಿಗೆ ಅಲ್ಯೂಮಿನಿಯಂ, ಅದು ಕೈಯಲ್ಲೇ ಬಗ್ಗುತ್ತದೆ. ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸಬೇಡಿ, ಮುರಿಯುತ್ತದೆ. ಜೋಡಿಸುವ ಕಡೆ ಗೋಂದು ಬೇಡ, ತೆಳು ತಂತಿಯಿಂದ ಸುತ್ತಿ ಕಟ್ಟಿ. ಕಟ್ಟಿದ್ದು ಕಾಣಲಿ. ತುಂಡು ಮಾಡುವಾಗ ಕಣ್ಣಿಗೆ ಕನ್ನಡಕ ಇರಲಿ, ತುದಿ ಸಿಡಿಯುತ್ತದೆ. ಬೆಳಕು ಒಂದೇ ಕಡೆಯಿಂದ ಬಿಡಿ, ಎರಡು ಕಡೆಯಿಂದ ಬಿಟ್ಟರೆ ನೆರಳು ತೊಳೆದುಹೋಗುತ್ತದೆ. ಆ ಜೇಡದ ತಂತಿ ಇನ್ನೂ ಇದ್ದರೆ ಅದನ್ನೇ ಬಿಚ್ಚಿ ಬಳಸಬಹುದು. ಬ್ರಿಟನ್ನಿನ ಶಿಲ್ಪಿ ಫಿಲಿಡಾ ಬಾರ್ಲೋ ಎಷ್ಟೋ ಸಲ ಪ್ರದರ್ಶನ ಮುಗಿದ ಮೇಲೆ ಕೆಲಸವನ್ನು ಕಳಚಿ ಆ ಹಲಗೆ, ರಟ್ಟುಗಳನ್ನೇ ಮುಂದಿನದಕ್ಕೆ ಹಾಕುತ್ತಿದ್ದರು.

ಮಣ್ಣಿನಕೈ:
ಜೇಡ ಬಿಚ್ಚುವ ಮೊದಲು ಅದರ ಫೋಟೊ ತೆಗೆದಿಡು. ಬಿಚ್ಚುವುದನ್ನೂ ಸ್ಕೆಚ್‌ಬುಕ್‌ನಲ್ಲಿ ತೋರಿಸು. ಬೂರ್ಜ್ವಾ ಅವರಿಂದ ನಿನ್ನ ಕೆಲಸಕ್ಕೆ ಬಂದ ದಾರಿ ಅದೇ ಅಲ್ವಾ.

ಇದ್ದಿಲುಪುಡಿ:
ಜೇಡದ ಎಂಟು ಕಾಲೂ ಈಗ ಮಷೀನಿನ ಕಾಲು, ತೋಳು ಆಗಿವೆ. ನಿನ್ನೆ ರಾತ್ರಿ ಕೋಣೆಯಲ್ಲಿ ತೂಗುಹಾಕಿ ಒಂದು ದೀಪ ಹಚ್ಚಿದೆ. ಗೋಡೆ ಮೇಲೆ ನೆರಳು ಅಸಲಿಗಿಂತ ದೊಡ್ಡದಾಗಿ ಬಂತು. ಕೆಂಪು ದಾರವನ್ನು ಮೇಲಿನ ಉಂಡೆಯಿಂದ ಸೂಜಿಯವರೆಗೆ ಎಳೆದು, ಅಮ್ಮನನ್ನು ಕರೆದೆ.

ಅವರು ತುಂಬಾ ಹೊತ್ತು ನೋಡಿದರು. ಆಮೇಲೆ ದಾರ ತೋರಿಸಿ, "ಇದು ಹೊಲಿಯುವುದಿಲ್ಲ" ಅಂದರು. ನಾನು ದಾರವನ್ನು ಬಿಗಿ ಮಾಡುವ ಬಿಲ್ಲೆಗಳ ನಡುವಿನಿಂದ ತಂದು ನೇರ ಸೂಜಿಗೆ ಇಳಿಸಿದ್ದೆ. ನಡುವೆ ಮೇಲೆ ಕೆಳಗೆ ಆಡುವ ಒಂದು ಕೊಕ್ಕೆ ಇದೆ, ದಾರ ಅದರ ಕಣ್ಣಿನಿಂದ ಹಾದು ಬರಬೇಕು, ಇಲ್ಲದಿದ್ದರೆ ಹೊಲಿಗೆ ಬಿಗಿಯಾಗುವುದಿಲ್ಲ. ಇಪ್ಪತ್ತು ಸಲಕ್ಕಿಂತ ಜಾಸ್ತಿ ಬರೆದಿದ್ದೇನೆ, ಒಂದು ಸಲವೂ ಅದನ್ನು ನೋಡಿರಲಿಲ್ಲ. ಅಮ್ಮನೇ ಒಂದು ತುಂಡು ತಂತಿ ತೆಗೆದುಕೊಂಡು ಇಕ್ಕಳದಲ್ಲಿ ಕೊಕ್ಕೆ ಬಗ್ಗಿಸಿ ಸಿಕ್ಕಿಸಿದರು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಮೇಲಿನಿಂದ ಸೂಜಿಯವರೆಗೆ ತಾವೇ ಪೋಣಿಸಿದರು.

ಸರಣಿಯಲ್ಲಿ ಒಂದು ಹಾಳೆ ಬಾಕಿ ಇದೆ. ನಾಳೆ ಅವರು ಅಸಲಿ ಮಷೀನಿಗೆ ದಾರ ಹಾಕುವಾಗ ಎದುರು ಕೂತು ದಾರ ಹೋಗುವ ಹಾದಿಯನ್ನಷ್ಟೇ ಬರೆಯುತ್ತೇನೆ. ಮಷೀನ್ ಬರೆಯುವುದಿಲ್ಲ.